5,000 ಗೆಳೆಯರು, ಒಂದು ಉದ್ರಿ ಪುಸ್ತಕ: ಬಳ್ಳಾರಿಯ ಜೀನ್ಸ್ ಘಟಕವೊಂದರ ಪ್ರಕರಣ

2023ರ ದಸರಾಕ್ಕೆ ಇನ್ನೂ ಮೂರು ವಾರ ಇತ್ತು. ಸಿಂಧನೂರಿನ ಒಬ್ಬ ಬಟ್ಟೆ ಅಂಗಡಿಯವರು ಬಳ್ಳಾರಿಗೆ ಬಂದು ನಮ್ಮ ಭಾವನ ಜೀನ್ಸ್ ಘಟಕದಲ್ಲಿ ಕೂತರು. ಪ್ಯಾಂಟನ್ನು ಒಳಮಗ್ಗುಲಾಗಿ ತಿರುಗಿಸಿ ಹೊಲಿಗೆ ನೋಡಿದರು. ಜೇಬಿನ ಬಟ್ಟೆ ಎಳೆದು ನೋಡಿದರು. ರೇಟು ಜಗ್ಗಾಡಿ 40 ಸೆಟ್ ಬರೆಸಿದರು. ಚಹಾ ಕುಡಿದು ಎದ್ದು ನಿಂತಾಗ ಒಂದು ಮಾತು ಅಂದರು.

"ಅಲ್ರೀ ಅಣ್ಣಾರ, ಫೇಸ್‌ಬುಕ್ಕಿನಾಗ ರಿಕ್ವೆಸ್ಟ್ ಕಳಿಸಿ ಎರಡು ತಿಂಗಳಾತು. ಯಾಕ ತಗೊಳ್ಳವಲ್ರಿ? ನಾವು ಸಣ್ಣ ಪಾರ್ಟಿ ಅಂತೇನು?"

ಭಾವ ಏನೋ ಸಮಾಧಾನ ಹೇಳಿ ಕಳಿಸಿದರು. ಸಂಜೆ ನನ್ನ ಡಿಟಿಪಿ ಅಂಗಡಿಗೆ ಬಂದು ಫೋನನ್ನು ಟೇಬಲ್ ಮೇಲೆ ಇಟ್ಟರು. "ನೋಡಪಾ, ಇದಕ್ಕೇನಾಗೇತಿ?" ರಿಕ್ವೆಸ್ಟ್ ಪಟ್ಟಿ ತೆರೆದೆ. 900ಕ್ಕೂ ಜಾಸ್ತಿ ಹೆಸರು ಕಾಯುತ್ತಾ ಕೂತಿದ್ದವು. ಸಿಂಧನೂರಿನವರದು ಎಲ್ಲೋ ತಳದಲ್ಲಿ ಇರಬೇಕು ಅಂದುಕೊಂಡು ಮೇಲಿನ ಒಂದು ಹೆಸರನ್ನೇ ಒತ್ತಿದೆ. ಆಗಲ್ಲ ಅಂತ ಬಂತು. ಗೆಳೆಯರ ಸಂಖ್ಯೆ 5,000 ಮುಟ್ಟಿತ್ತು. ಇನ್ನೊಬ್ಬರು ಒಳಗೆ ಬರಬೇಕಾದರೆ ಯಾರಾದರೂ ಒಬ್ಬರು ಹೊರಗೆ ಹೋಗಬೇಕು.

ಇದು ದೊಡ್ಡ ಕಂಪನಿಯ ಕತೆ ಅಲ್ಲ. ಎಂಟು ಮಷಿನ್ ಇಟ್ಟುಕೊಂಡ ಒಬ್ಬ ಮನುಷ್ಯ, ಅವರ ಫೋನು, ಒಂದು ವರ್ಷ. ಆದರೆ ನನ್ನ ಅಂಗಡಿಗೆ ಇದೇ ತೊಂದರೆ ಹೊತ್ತು ಬಂದವರು ಭಾವ ಒಬ್ಬರೇ ಅಲ್ಲ. ರಾಜಕೀಯದವರು, ಎಲ್‌ಐಸಿ ಏಜೆಂಟರು, ಮದುವೆ ಫೋಟೋಗ್ರಾಫರುಗಳು, ಎಲ್ಲರೂ ಒಂದಲ್ಲ ಒಂದು ದಿನ ಈ ಗೋಡೆಗೆ ತಲೆ ತಾಗಿಸಿಕೊಂಡವರೇ. ಹಾಗಾಗಿ ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಅಂತ ಪೂರ್ತಿ ಬರೆದಿಡುತ್ತಿದ್ದೇನೆ.

ಘಟಕ, ಖಾತೆ

ಕೌಲ್ ಬಜಾರ್ ಕಡೆ ಬಾಡಿಗೆ ಮನೆಯ ಕೆಳಮಹಡಿಯಲ್ಲಿ ಭಾವನ ಘಟಕ ಇದೆ. ಬಟ್ಟೆ ಕತ್ತರಿಸುವುದು, ಹೊಲಿಯುವುದು, ಓವರ್‌ಲಾಕ್ ಇಲ್ಲೇ. ಕಾಜಾ ಹೊಡೆಸುವುದಕ್ಕೆ, ಬಣ್ಣ ಇಳಿಸುವ ವಾಷಿಂಗಿಗೆ ಬೇರೆಯವರ ಹತ್ತಿರ ಹೋಗಬೇಕು. ಉಳಿದ ದಾರ ಕತ್ತರಿಸುವ ಕೆಲಸ ಓಣಿಯ ಹೆಣ್ಣುಮಕ್ಕಳದು, ಅವರವರ ಮನೆಯಲ್ಲೇ. ಬಳ್ಳಾರಿಯ ಜೀನ್ಸ್ ಅಂದರೆ ಬಹುಪಾಲು ಹೀಗೆಯೇ. ಒಂದು ಪ್ಯಾಂಟು ಪೂರ್ತಿ ಆಗುವುದಕ್ಕೆ ನಾಲ್ಕೈದು ಬಾಗಿಲು ಹತ್ತಿ ಇಳಿಯುತ್ತದೆ. 28ರಿಂದ 36ರವರೆಗಿನ ಅಳತೆ ಸೇರಿಸಿ ಒಂದು ಸೆಟ್. ಮಾಲು ಹೋಗುವುದು ರಾಯಚೂರು, ಮಾನ್ವಿ, ಸಿಂಧನೂರು, ಗಂಗಾವತಿ, ಆ ಕಡೆ ಆದೋನಿ, ಗುಂತಕಲ್ಲು. ಕೊಳ್ಳುವವರಿಗೆ ಭಾವನ ಭಾಷೆಯಲ್ಲಿ ಗಿರಾಕಿ ಅಂತ ಹೆಸರಿಲ್ಲ, ಎಲ್ಲರೂ ಪಾರ್ಟಿ. ಮಾನ್ವಿ ಪಾರ್ಟಿ, ಆದೋನಿ ಪಾರ್ಟಿ.

2011ರಲ್ಲಿ ನನ್ನ ಅಂಗಡಿಯಲ್ಲೇ ಅವರಿಗೆ ಒಂದು ಫೇಸ್‌ಬುಕ್ ಖಾತೆ ತೆರೆದುಕೊಟ್ಟಿದ್ದೆ. ಅದರ ಪಾಸ್‌ವರ್ಡ್ ಮರೆತುಹೋಯಿತು, ಸಿಮ್ಮೂ ಕಳೆಯಿತು. 2013ರಲ್ಲಿ ಹೊಸದು ಮಾಡಿದೆವು. ಈ ಕತೆಯ ಖಾತೆ ಇದು. ಭಾವನ ನಿಯಮ ಒಂದೇ: ಬಂದವರನ್ನು ಬೇಡ ಅನ್ನಬಾರದು. ಅಂಗಡಿ ಬಾಗಿಲಿಗೆ ಬಂದವರನ್ನು ಬೇಡ ಅನ್ನಲ್ಲ, ಫೋನಿಗೆ ಬಂದವರನ್ನು ಯಾಕೆ ಅನ್ನಬೇಕು? ಮೇಲೆ ತಾವೂ ಕಳಿಸುತ್ತಿದ್ದರು. 'ನಿಮಗೆ ಗೊತ್ತಿರಬಹುದಾದವರು' ಅಂತ ಫೇಸ್‌ಬುಕ್ ತೋರಿಸುವ ಮುಖಗಳಿಗೆಲ್ಲ, ಊಟ ಆದ ಮೇಲೆ ಮಂಚದ ಮೇಲೆ ಮಲಗಿ, ಬೆರಳು ಆಡಿಸಿದ್ದೇ. 2020ರ ಲಾಕ್‌ಡೌನಿನಲ್ಲಿ ಮಷಿನ್ ನಿಂತವು, ಬೆರಳು ಮಾತ್ರ ನಿಲ್ಲಲಿಲ್ಲ.

ಯಾಕೆ ಮಿತಿ

"ಐದು ಸಾವಿರಕ್ಕೇ ಯಾಕ? ಅವರಿಗೇನು ಖರ್ಚು?" ಭಾವನ ಪ್ರಶ್ನೆ ಇದು. ಸುಮ್ನೆ ಕೇಳಿದ್ದಲ್ಲ, ಸಿಟ್ಟಿನಲ್ಲೇ ಕೇಳಿದರು.

ಖರ್ಚು ಇದೆ. ಫೇಸ್‌ಬುಕ್ಕಿನ ಗೆಳೆತನ ಎರಡೂ ಕಡೆಯದು. ನಾನು ನಿಮ್ಮ ಪಟ್ಟಿಯಲ್ಲಿದ್ದರೆ ನೀವೂ ನನ್ನ ಪಟ್ಟಿಯಲ್ಲಿ ಇರಲೇಬೇಕು. ಹಾಗಾಗಿ ಪ್ರತಿ ಗೆಳೆತನಕ್ಕೂ ಎರಡು ಕಡೆ ಲೆಕ್ಕ. ನಾನು ಆ್ಯಪ್ ತೆರೆದ ಕೂಡಲೇ ನನ್ನ ಪಟ್ಟಿಯಲ್ಲಿರುವ ಅಷ್ಟೂ ಜನ ಏನೇನು ಹಾಕಿದ್ದಾರೆ ಅಂತ ಹುಡುಕಿ, ಯಾವುದು ಮೇಲೆ, ಯಾವುದು ಕೆಳಗೆ ಅಂತ ಆ ಕ್ಷಣದಲ್ಲಿ ತೀರ್ಮಾನ ಆಗಬೇಕು. ಇನ್ನೊಂದು ಲೆಕ್ಕ ಇನ್ನೂ ದೊಡ್ಡದು. 'ಗೆಳೆಯರ ಗೆಳೆಯರು ನೋಡಬಹುದು' ಅಂತ ಒಂದು ಆಯ್ಕೆ ಇರುತ್ತದಲ್ಲ, ಅದನ್ನು ತಗೊಳ್ಳಿ. ನನಗೆ 5,000 ಜನ, ಅವರಲ್ಲಿ ಪ್ರತಿಯೊಬ್ಬರಿಗೂ 5,000 ಜನ ಅಂದರೆ ಹೆಚ್ಚೆಂದರೆ 2.5 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ. ನಾನು 'ಗೆಳೆಯರ ಗೆಳೆಯರಿಗೆ' ಅಂತ ತೋರಿಸಿದ ಮಗಳ ಫೋಟೋ ಅಷ್ಟು ಜನರ ಕಣ್ಣಿಗೆ ಬೀಳಬಹುದು. ಮಿತಿಯೇ ಇಲ್ಲದಿದ್ದರೆ ಆ ಆಯ್ಕೆಗೆ ಅರ್ಥವೇ ಉಳಿಯುವುದಿಲ್ಲ.

ಇನ್ನು ನಮ್ಮಂಥವರಿಗೆ 5,000 ಅಂದರೆ ಕಮ್ಮಿ ಅನ್ನಿಸಿದರೂ ಬಹಳ ಜನಕ್ಕೆ ಅದು ಎಟುಕದ ಸಂಖ್ಯೆ. 2011ರಲ್ಲಿ ಫೇಸ್‌ಬುಕ್ಕಿನ ಸುಮಾರು 72 ಕೋಟಿ ಬಳಕೆದಾರರ ಜಾಲವನ್ನು ಸಂಶೋಧಕರು ಅಳೆದು ನೋಡಿದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವಿನವನಿಗೆ ಇದ್ದ ಗೆಳೆಯರು 99. ಅಂದರೆ ಅರ್ಧದಷ್ಟು ಜನಕ್ಕೆ ನೂರು ಮಂದಿಯೂ ಇರಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ತಮಾಷೆಯ ಸಂಗತಿ ಇದೆ: ಬಹುತೇಕರಿಗೆ ಅವರ ಗೆಳೆಯರಿಗಿಂತ ಕಡಿಮೆ ಗೆಳೆಯರು. ಭಾವನಂಥವರು ಎಲ್ಲರ ಪಟ್ಟಿಯಲ್ಲೂ ಇರುತ್ತಾರೆ, ಅದಕ್ಕೇ ಹಾಗೆ.

ಬೇರೆ ಕಡೆಯ ಮಿತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ವಿಷಯ ಸರಿಯಾಗಿ ತಿಳಿಯಿತು. ಆರ್ಕುಟ್ ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಅಲ್ಲಿ ಗೆಳೆಯರ ಮಿತಿ 1,000. ಲಿಂಕ್ಡ್‌ಇನ್‌ನಲ್ಲಿ 30,000. ಪಾತ್ ಅಂತ ಒಂದು ಆ್ಯಪ್ 2010ರಲ್ಲಿ ಬಂತು, 50 ಜನಕ್ಕಿಂತ ಜಾಸ್ತಿ ಬೇಡ ಅನ್ನುವುದೇ ಅದರ ವಿಶೇಷ. ಆಮೇಲೆ ಅದೂ ಮಿತಿ ಏರಿಸಿತು, 2018ರಲ್ಲಿ ಬಾಗಿಲು ಹಾಕಿತು. ಇನ್‌ಸ್ಟಾಗ್ರಾಂ ಕತೆ ಬೇರೆ. ಅಲ್ಲಿ ನೀವು 7,500 ಜನರನ್ನು ಮಾತ್ರ ಫಾಲೋ ಮಾಡಬಹುದು, ನಿಮ್ಮನ್ನು ಎಷ್ಟು ಜನ ಬೇಕಾದರೂ ಮಾಡಬಹುದು. ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟರ್‌ನಲ್ಲಿ, 5,000 ಜನರನ್ನು ಫಾಲೋ ಮಾಡಿದ ಮೇಲೆ, ಮುಂದೆ ಎಷ್ಟು ಅನ್ನುವುದು ನಿಮ್ಮನ್ನು ಎಷ್ಟು ಜನ ಫಾಲೋ ಮಾಡುತ್ತಾರೆ ಅನ್ನುವುದರ ಮೇಲೆ ನಿಲ್ಲುತ್ತದೆ.

ನೋಡಿದಿರಾ? ಎದುರುಬದುರು ಕೂತು ಮಾತಾಡುವ ಕಡೆ ಎರಡೂ ಬದಿಗೆ ಬೇಲಿ. ಒಬ್ಬ ಹೇಳಿ ನೂರು ಜನ ಕೇಳುವ ಕಡೆ, ಕೇಳುವವನ ಬದಿಗೆ ಮಾತ್ರ ಬೇಲಿ. ಭಾವನಿಗೆ ಬೇಕಾಗಿದ್ದದ್ದು ಎರಡನೆಯದು. ಕೂತಿದ್ದದ್ದು ಮೊದಲನೆಯದರಲ್ಲಿ. ಇಷ್ಟು ತಿಳಿಯುವುದಕ್ಕೆ ನಮಗೆ ಆರು ತಿಂಗಳು ಹಿಡಿಯಿತು. ಅದಕ್ಕೆ ಮುಂಚೆ ಎಲ್ಲರೂ ಮಾಡುವುದನ್ನೇ ಮಾಡಿದೆವು.

ಮೂರು ಭಾನುವಾರ

ಕಳೆ ಕೀಳುವುದು ಅಂತ ತೀರ್ಮಾನ ಆಯಿತು. ಭಾನುವಾರ ಮಧ್ಯಾಹ್ನ ನನ್ನ ಅಂಗಡಿಯ ಶಟರ್ ಅರ್ಧ ಇಳಿಸಿ, ಕಂಪ್ಯೂಟರಿನಲ್ಲಿ ಗೆಳೆಯರ ಪಟ್ಟಿ ತೆರೆದು ಕೂತೆವು. ನಾನು ಹೆಸರು ಓದುವುದು, ಭಾವ "ಇರಲಿ" ಅಥವಾ "ತೆಗಿ" ಅನ್ನುವುದು. ಗಂಟೆಗೆ ಮುನ್ನೂರು ಹೆಸರು ಮುಗಿಯಬಹುದು ಅಂತ ನನ್ನ ಲೆಕ್ಕ. ಮೊದಲ ಗಂಟೆಯಲ್ಲಿ ಆದದ್ದು 70.

ಯಾಕೆಂದರೆ ಪ್ರತಿ ಹೆಸರಿಗೂ ಒಂದು ಕತೆ. ಗುಲಾಬಿ ಹೂವಿನ ಫೋಟೋ ಇಟ್ಟುಕೊಂಡವರು, ಗೊತ್ತಿಲ್ಲದ ದೇಶದವರು, ಇವರನ್ನು ತೆಗೆಯುವುದು ಸುಲಭವಾಯಿತು. ಒಬ್ಬರದೇ ಮೂರು ಖಾತೆ ಇದ್ದವು ಬಹಳ. ಪಾಸ್‌ವರ್ಡ್ ಮರೆತು ಹೊಸದು, ಫೋನ್ ಬದಲಿಸಿ ಇನ್ನೊಂದು. "ಯಾವುದು ಈಗಿಂದು?" ಅಂತ ಫೋನ್ ಮಾಡಿ ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಪೈಪೋಟಿಯ ಘಟಕದವರು ಒಬ್ಬರು ಬಂದರು. ನಾನು ತೆಗೆಯಲು ಹೋದೆ. ಭಾವ ಕೈ ಹಿಡಿದರು. "ಇರಲಿ, ಅವನ ಹೊಸ ಡಿಸೈನ್ ಎಲ್ಲಿ ನೋಡ್ಲಿ ಮತ್ತೆ?" ಆ ಕಡೆಯಿಂದ ಅವರೂ ಹಾಗೇ ಇಟ್ಟುಕೊಂಡಿರುತ್ತಾರೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಎರಡನೇ ಭಾನುವಾರ ಅವರ ಹಳೆಯ ಕಟಿಂಗ್ ಮಾಸ್ಟರ್ ಹೆಸರು ಬಂತು. 2021ರ ಮೇನಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ಹೋದವರು. ತೀರಿಕೊಂಡವರ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಿಸುವ ವ್ಯವಸ್ಥೆ ಫೇಸ್‌ಬುಕ್ಕಿನಲ್ಲಿ ಇದೆ, ಆದರೆ ಮನೆಯವರೋ ಗೆಳೆಯರೋ ತಿಳಿಸಬೇಕು. ಇವರ ವಿಷಯ ಯಾರೂ ತಿಳಿಸಿರಲಿಲ್ಲ. ಗೋಡೆ ತೆರೆದು ನೋಡಿದರೆ ಆ ವರ್ಷದ ಹುಟ್ಟುಹಬ್ಬಕ್ಕೆ 11 ಜನ ಶುಭಾಶಯ ಬರೆದಿದ್ದರು, 'ನೂರು ವರ್ಷ ಬಾಳಿ ಮಾಸ್ಟರ್' ಅಂತ ಒಬ್ಬರು. ಆ ಒಬ್ಬರು ಯಾರು ಅಂತ ನೋಡಿದರೆ ಭಾವನೇ! ನೋಟಿಫಿಕೇಶನ್ ಬಂದಿದೆ, ಬೆಳಿಗ್ಗೆ ಗಡಿಬಿಡಿಯಲ್ಲಿ ಹತ್ತು ಜನಕ್ಕೆ ಒಂದೇ ಸಲ ಹಾಕಿದ್ದಾರೆ. ಅವತ್ತು ಪಟ್ಟಿ ಅಲ್ಲಿಗೇ ನಿಂತಿತು. ಮಾಸ್ಟರ್ ಹೆಸರು ಈಗಲೂ ಇದೆ.

ಮೂರು ಭಾನುವಾರಕ್ಕೆ ತೆಗೆದದ್ದು 640 ಹೆಸರು. ಗೆಳೆತನ ತೆಗೆದರೆ ಫೇಸ್‌ಬುಕ್ ಆ ಕಡೆಯವರಿಗೆ ಸುದ್ದಿ ಮುಟ್ಟಿಸುವುದಿಲ್ಲ. ಆದರೆ ಸಂಬಂಧಿಕರಿಗೆ ಸುದ್ದಿ ಮುಟ್ಟಲು ಫೇಸ್‌ಬುಕ್ಕೇ ಬೇಕು ಅಂತೇನಿಲ್ಲವಲ್ಲ. ನಮ್ಮ ಅಕ್ಕನ ಕಡೆಯ ದೊಡ್ಡಪ್ಪನ ಮಗನೊಬ್ಬ ತಪ್ಪಿ ಆ 640ರಲ್ಲಿ ಹೋಗಿಬಿಟ್ಟಿದ್ದ. ಹೊಸಪೇಟೆಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಅವನು ಎಲ್ಲರಿಗೂ ಕೇಳುವ ಹಾಗೆ ಅಂದ: "ಭಾವಾರು ದೊಡ್ಡ ಸಾಹುಕಾರ್ರಾದ್ರು, ನಾವೀಗ ಬೇಕಾಗಿಲ್ಲ." ಅಕ್ಕ ಮನೆಗೆ ಬಂದು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೌಸ್ ನನ್ನ ಕೈಯಲ್ಲಿತ್ತು ಅನ್ನುವುದು ಅವಳ ವಾದ.

ಖಾಲಿಯಾದ 640 ಜಾಗಕ್ಕೆ ಕಾದು ಕೂತವರಲ್ಲಿ ಕಂಡಕಂಡವರನ್ನೆಲ್ಲ ಭಾವ ಒತ್ತಿಬಿಟ್ಟರು. ಮತ್ತೆ ತುಂಬಿತು. ಯಾರು ಬಂದರು ಅಂತ ಆಮೇಲೆ ನೋಡಿದೆ. ಜಿಪ್ ಮಾರುವವರು, ಮಷಿನ್ ಮಾರುವವರು, ಸಾಲ ಕೊಡಿಸುತ್ತೇವೆ ಅನ್ನುವವರು. ರಿಕ್ವೆಸ್ಟ್ ಕಳಿಸುವುದೇ ಕೆಲಸವಾದವರು ಜಾಗ ಹಿಡಿದರು. ಪ್ಯಾಂಟು ಕೊಳ್ಳುವವರು ಹಾಗೆ ಸಾಲು ನಿಲ್ಲುವುದಿಲ್ಲ. ಸಿಂಧನೂರಿನವರು ಮಾತ್ರ ಆ ರಾಶಿಯಲ್ಲಿ ಎಲ್ಲೂ ಕಾಣಲಿಲ್ಲ. ಬೇಜಾರಾಗಿ ವಾಪಸ್ ತಗೊಂಡಿರಬೇಕು ಅಂತ ಭಾವ ಅಂದರು. ನಾನೂ ನಂಬಿದೆ.

ಕಾಗೆ ಪ್ಯಾಂಟು

ಈ ಹೊತ್ತಿಗೆ ನನಗೆ ಒಂದು ಅನುಮಾನ ಶುರುವಾಗಿತ್ತು. 5,000 ಜನ ಇದ್ದಾರೆ ಸರಿ, ನೋಡುವವರು ಎಷ್ಟು? ಭಾವ ಏನೇ ಹಾಕಿದರೂ 40ರ ಆಸುಪಾಸು ಲೈಕು. ಅದೇ 40 ಜನ, ಅದೇ ಹೆಬ್ಬೆರಳು.

ಒಂದು ಚಿಕ್ಕ ಪರೀಕ್ಷೆ ಮಾಡಿದೆವು. ಕಪ್ಪು ಬಣ್ಣದ ಹೊಸ ಲಾಟ್ ಬಂದಿತ್ತು. ಫೋಟೋ ಹಾಕಿ, 'ರೇಟಿಗೆ ಫೋನ್ ಮಾಡಿ, ಕಾಗೆ ಪ್ಯಾಂಟು ಅಂತ ಕೇಳಿ' ಅಂತ ಬರೆದೆವು. ಈ ಹೆಸರನ್ನು ಬೇರೆ ಎಲ್ಲೂ ಹೇಳಲಿಲ್ಲ, ಹಾಗಾಗಿ ಕಾಗೆ ಅಂದವರೆಲ್ಲ ಫೇಸ್‌ಬುಕ್ಕಿನಿಂದ ಬಂದವರೇ. ಭಾವ ಒಂದು ರಟ್ಟಿನ ಮೇಲೆ ಗೀಟು ಹಾಕುತ್ತಾ ಹೋದರು. ಎರಡು ವಾರಕ್ಕೆ 31 ಗೀಟು. ಅದರಲ್ಲಿ 22 ಜನದ ನಂಬರು ಮೊದಲೇ ಅವರ ಫೋನಿನಲ್ಲಿ ಇತ್ತು. ಉಳಿದ ಒಂಬತ್ತರಲ್ಲಿ ಮೂವರಿಗೆ ತಮಗಾಗಿ ಒಂದೇ ಒಂದು ಪ್ಯಾಂಟು ಬೇಕಿತ್ತು. ಇಬ್ಬರು ದಾರ ಮಾರುವವರು. ಅಂಗಡಿಯವರು ನಾಲ್ಕೇ ಜನ. ಮಾಲು ಎತ್ತಿದ್ದು ಒಬ್ಬರು, ಮಸ್ಕಿಯವರು, ಆರು ಸೆಟ್.

ಹತ್ತು ವರ್ಷ ಬೆರಳು ಸವೆಸಿ ಕಟ್ಟಿದ 5,000ದಿಂದ ಹೊಸದಾಗಿ ಸಿಕ್ಕ ಪಾರ್ಟಿ ಒಬ್ಬರು. ಇದು ಶಾಸ್ತ್ರೀಯ ಪರೀಕ್ಷೆ ಅಲ್ಲ, ನನಗೂ ಗೊತ್ತು. ಎರಡು ವಾರ, ಒಂದು ಪ್ಯಾಂಟು. ಆದರೂ ಭಾವನ ಮುಖ ನೋಡಿದರೆ ಅವರಿಗೆ ಅಷ್ಟು ಸಾಕಾಗಿತ್ತು.

ಪೇಜು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನಡೆದದ್ದೂ ಅಷ್ಟೇ. ವ್ಯಾಪಾರಕ್ಕೆ ಅಂತಲೇ ಫೇಸ್‌ಬುಕ್ 2007ರಿಂದ ಪೇಜುಗಳನ್ನು ಇಟ್ಟಿದೆ. ಅದಕ್ಕೆ 5,000ದ ಗೋಡೆ ಇಲ್ಲ. ಸ್ವಂತ ಖಾತೆಗೂ ಗೆಳೆಯರ ಹೊರತಾಗಿ ಫಾಲೋವರ್ಸ್ ಇಟ್ಟುಕೊಳ್ಳುವ ದಾರಿ 2011ರಿಂದಲೇ ಇತ್ತು. ಆಗ ಅದಕ್ಕೆ ಸಬ್‌ಸ್ಕ್ರೈಬ್ ಅನ್ನುತ್ತಿದ್ದರು. ನಮಗೆ ಬೇಕಾದ ಬಾಗಿಲು ಭಾವನ ಖಾತೆ ಹುಟ್ಟುವುದಕ್ಕೆ ಮೊದಲೇ ತೆರೆದಿತ್ತು, ನಾವು ಕಿಟಕಿ ಹತ್ತುತ್ತಿದ್ದೆವು.

ಪೇಜು ಮಾಡಿ ಎಲ್ಲ ಗೆಳೆಯರನ್ನೂ ಕರೆದೆವು. ಬಂದವರು 380. 500 ರೂಪಾಯಿ ಹಾಕಿ ಜಾಹೀರಾತು ಕೊಟ್ಟೆವು. ಯಾರಿಗೆ ತೋರಿಸಬೇಕು ಅಂತ ಆರಿಸುವಾಗ ನಾನು ಊರು, ವಯಸ್ಸು ಸರಿಯಾಗಿ ಹಾಕಲಿಲ್ಲ. ಎಲ್ಲೆಲ್ಲಿಯದೋ ಹುಡುಗರ ಲೈಕು ಬಂದವು. ಒಂದು ಸೆಟ್ ಕೊಳ್ಳುವ ಅಂಗಡಿಯವರು ಬರಲಿಲ್ಲ. ತಪ್ಪು ನನ್ನದು. ಪೇಜು ಈಗಲೂ ಇದೆ, ಹಬ್ಬಕ್ಕೊಂದು ಶುಭಾಶಯ ಹಾಕುತ್ತೇವೆ.

ವಾಟ್ಸಾಪಿನ ಹನ್ನೊಂದು ದಿನ

ನಿಜವಾದ ವ್ಯಾಪಾರ ನಡೆಯುತ್ತಿದ್ದದ್ದು ವಾಟ್ಸಾಪಿನಲ್ಲೇ. ಅಲ್ಲೂ ಮಿತಿಗಳು ಇವೆ, ಆದರೆ ಬೇರೆ ಥರ. ಗುಂಪಿಗೆ 2014ರಲ್ಲಿ 100 ಜನ, 2016ರಲ್ಲಿ 256, 2022ರಲ್ಲಿ 512, ಅದೇ ವರ್ಷದ ಕೊನೆಗೆ 1,024. ಬ್ರಾಡ್‌ಕಾಸ್ಟ್ ಪಟ್ಟಿಗೆ 256.

ಭಾವ ಮೊದಲು ಬ್ರಾಡ್‌ಕಾಸ್ಟ್ ಬಳಸುತ್ತಿದ್ದರು. ಒಂದೇ ಸಲ 256 ಜನಕ್ಕೆ ಫೋಟೋ ಹೋಗುತ್ತದೆ, ಪ್ರತಿಯೊಬ್ಬರಿಗೂ ತಮಗೊಬ್ಬರಿಗೇ ಬಂದ ಹಾಗೆ ಕಾಣುತ್ತದೆ. ಆದರೆ ಒಂದು ಗುಟ್ಟಿದೆ. ಆ ಕಡೆಯವರು ನಮ್ಮ ನಂಬರನ್ನು ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ಮುಟ್ಟುತ್ತದೆ. ನೋಡಿದರೆ ಮೆಸೇಜು ಮುಟ್ಟದೆ ಒಂದೇ ಟಿಕ್ಕಿಗೆ ನಿಂತ ಹೆಸರುಗಳು ಎಷ್ಟೋ ಇದ್ದವು. ವರ್ಷಗಟ್ಟಲೆ ಮಾಲು ಎತ್ತಿದ ಗುಂತಕಲ್ಲಿನ ಒಬ್ಬರು ನಂಬರ್ ಸೇವ್ ಮಾಡಿರಲೇ ಇಲ್ಲ. "ನಿಮ್ದು ಬಾಯಿಪಾಠ ಇದೆ ಅಣ್ಣಾ, ಸೇವ್ ಯಾಕೆ?" ಅಂದರು. ಮಿತಿ 256 ಅಂತ ಕಂಪನಿ ಹೇಳುತ್ತದೆ. ಭಾವನಿಗೆ ನಿಜವಾದ ಮಿತಿ, ತಮ್ಮ ಹೆಸರು ಎಷ್ಟು ಜನದ ಫೋನಿನಲ್ಲಿ ಬರೆದಿದೆ ಅನ್ನುವುದೇ. ನನಗೆ ಕೇಳಿದರೆ ಈ ನಿಯಮ ಬಹಳ ಜಾಣತನದ್ದು.

2024ರ ಯುಗಾದಿ ಹೊತ್ತಿಗೆ ಭಾವನಿಗೆ ಗುಂಪು ಮಾಡುವ ಹುಮ್ಮಸ್ಸು ಬಂತು. 1,024ರ ತನಕ ಜಾಗ ಇದೆಯಲ್ಲ. ಬೇಡ ಅಂದೆ, ಕೇಳಲಿಲ್ಲ. 300 ಅಂಗಡಿಯವರನ್ನು ಸೇರಿಸಿದರು. ಮೂರು ದಿನ ಗುಡ್ ಮಾರ್ನಿಂಗ್, ದೇವರ ಫೋಟೋ. ನಾಲ್ಕನೇ ದಿನ ಸಿರುಗುಪ್ಪದ ಒಬ್ಬರು ನೇರ ಗುಂಪಿನಲ್ಲೇ ಕೇಳಿದರು: "ನನಗೆ 15 ದಿನ ಉದ್ರಿ, ರಾಯಚೂರಿನವರಿಗೆ 30 ದಿನ ಯಾಕೆ?" ರಾಯಚೂರಿನವರು ಬಾಯಿಬಿಟ್ಟಿದ್ದರು. ಅದಕ್ಕೆ ಆದೋನಿಯವರು ತಮ್ಮ ರೇಟು ಬರೆದರು. ಆ ರೇಟು ಸಿರುಗುಪ್ಪದವರ ರೇಟಿಗಿಂತ ಪೀಸಿಗೆ 12 ರೂಪಾಯಿ ಕಮ್ಮಿ. ಭಾವ ಆ ಹೊತ್ತಿಗೆ ವಾಷಿಂಗ್ ಘಟಕದಲ್ಲಿ ನಿಂತಿದ್ದರು, ಫೋನು ಜೇಬಿನಲ್ಲಿ. ನೋಡುವಷ್ಟರಲ್ಲಿ 140 ಮೆಸೇಜು.

ಅದು ಹೇಗೋ ತಣ್ಣಗಾಯಿತು. ಆದರೆ ಗುಂಪಿನಲ್ಲಿ ಎಲ್ಲರಿಗೂ ಎಲ್ಲರ ನಂಬರು ಕಾಣುತ್ತದೆ. ಒಂಬತ್ತನೇ ದಿನದಿಂದ ಪಾರ್ಟಿಗಳು ಫೋನ್ ಮಾಡಿ ಹೇಳತೊಡಗಿದರು: ಬೇರೆ ಯಾರೋ ಬಳ್ಳಾರಿಯಿಂದಲೇ ಫೋಟೋ ಕಳಿಸುತ್ತಿದ್ದಾರೆ, ಇದೇ ಮಾಲು, ಕಮ್ಮಿ ರೇಟು. ಗುಂಪಿಗೆ ಸೇರಿದವರಲ್ಲಿ ಯಾರೋ ಅಷ್ಟೂ ನಂಬರು ಎತ್ತಿಕೊಟ್ಟಿದ್ದರು. ಹನ್ನೊಂದನೇ ದಿನ ಭಾವ ಗುಂಪು ಮುಚ್ಚಿದರು. ಹತ್ತು ವರ್ಷದ ಪಾರ್ಟಿ ಪಟ್ಟಿಯನ್ನು ತಾವೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಯಿತು ಅಂತ ಆ ರಾತ್ರಿ ಊಟ ಮಾಡಲಿಲ್ಲ.

ಫೇಸ್‌ಬುಕ್ಕಿನಲ್ಲಿ ಮಿತಿ ಇದ್ದದ್ದಕ್ಕೆ ಸಿಟ್ಟು ಬಂದಿತ್ತು. ಇಲ್ಲಿ ಜಾಗ ಜಾಸ್ತಿ ಇದ್ದದ್ದೇ ಮುಳುವಾಯಿತು. 50 ಜನದ ಗುಂಪಾಗಿದ್ದರೆ ಯಾರು ಕೊಟ್ಟರು ಅಂತ ಊಹಿಸಬಹುದಿತ್ತು, ಅದೇ ಹೆದರಿಕೆಗೆ ಕೊಡುತ್ತಲೂ ಇರಲಿಲ್ಲ.

ಪುಸ್ತಕದಲ್ಲಿ ಎಷ್ಟು ಹೆಸರು

ಗುಂಪು ಮುಚ್ಚಿದ ಮಾರನೆಯ ದಿನ ನಾನು ಭಾವನ ಉದ್ರಿ ಪುಸ್ತಕ ಕೇಳಿ ತಗೊಂಡೆ. ಕೆಂಪು ಬಟ್ಟೆಯ ರಟ್ಟು, ಮೂಲೆಯಲ್ಲಿ ಎಣ್ಣೆ ಕಲೆ, ಮೊದಲ ಪುಟಕ್ಕೆ ಕುಂಕುಮ, ಅರಿಶಿನ. ಒಂದೊಂದು ಪಾರ್ಟಿಗೆ ಒಂದೊಂದು ಪುಟ. ಯಾವ ದಿನ ಎಷ್ಟು ಸೆಟ್ ಹೋಯಿತು, ಯಾವ ಲಾರಿ ಆಫೀಸು, ಎಷ್ಟು ಬಂತು, ಎಷ್ಟು ಬಾಕಿ. ಪಕ್ಕದಲ್ಲಿ ಭಾವನಿಗಷ್ಟೇ ಅರ್ಥವಾಗುವ ಗುರುತುಗಳು. 'ಮಗಳ ಮದುವೆ, ಕೇಳಬಾರದು' ಅಂತ ಒಂದು ಕಡೆ. 'ಮಳೆ ಬಂದ್ರೆ ಕೊಡ್ತಾನೆ' ಅಂತ ಇನ್ನೊಂದು ಕಡೆ. ಎಣಿಸಿದೆ. 214 ಹೆಸರು. ಕಳೆದ ಒಂದು ವರ್ಷದಲ್ಲಿ ಲೇವಾದೇವಿ ನಡೆದದ್ದು 131.

ರಾಬಿನ್ ಡನ್‌ಬಾರ್ ಅಂತ ಬ್ರಿಟನ್ನಿನ ಒಬ್ಬ ಮಾನವಶಾಸ್ತ್ರಜ್ಞರು 1992ರಲ್ಲಿ ಒಂದು ಲೆಕ್ಕ ಹಾಕಿದರು. ಕೋತಿ, ವಾನರಗಳ ಮಿದುಳಿನ ಹೊರಪದರದ ಗಾತ್ರಕ್ಕೂ ಅವುಗಳ ಹಿಂಡಿನ ಗಾತ್ರಕ್ಕೂ ಇರುವ ನಂಟು ನೋಡಿ, ಮನುಷ್ಯನಿಗೆ ಸುಮಾರು 150 ಜನರ ಸಂಬಂಧ ನಿಭಾಯಿಸಲು ಆಗುತ್ತದೆ ಅಂದರು. ಈ ವಿಷಯ ಬಂದಾಗಲೆಲ್ಲ ಜನ ಇದೇ ಸಂಖ್ಯೆ ಹೇಳುತ್ತಾರೆ. 131 ನೋಡಿ ನನಗೂ ಕೈ ತುರಿಸಿತು. ಆದರೆ 2021ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ಮಾಡಿ, ಹೀಗೆ ಒಂದೇ ಸಂಖ್ಯೆಗೆ ಕಟ್ಟಿಹಾಕಲು ಬರುವುದಿಲ್ಲ, ಉತ್ತರ ಬಹಳ ಹಿಂದೆ ಮುಂದೆ ಆಗುತ್ತದೆ ಅಂತ ತೋರಿಸಿದರು. ನನ್ನ ಅನುಭವವೂ ಅದೇ. ಭಾವನಿಗೆ 131 ಪಾರ್ಟಿಗಳ ಮಕ್ಕಳ ಹೆಸರು ಗೊತ್ತು, ಯಾರ ಅಂಗಡಿ ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ ಅಂತ ಗೊತ್ತು. ನನ್ನ ಹುಟ್ಟುಹಬ್ಬ ಗೊತ್ತಿಲ್ಲ. ಮಿದುಳಿನ ಗಾತ್ರಕ್ಕಿಂತ ಬಾಕಿಯ ಗಾತ್ರ ಹೆಚ್ಚು ಕೆಲಸ ಮಾಡುತ್ತದೆ.

ಪುಸ್ತಕ ನೋಡಿದ ಮೇಲೆ ನಮಗೆ ದಾರಿ ಕಂಡಿತು. ಒಂದೇ ಪಟ್ಟಿಯಲ್ಲಿ ಮೂರು ಥರದ ಜನರನ್ನು ಕೂರಿಸಿದ್ದೆವು: ಮನೆಯವರು, ಲೇವಾದೇವಿಯವರು, ಸುಮ್ನೆ ನೋಡುವವರು. ಮೂವರನ್ನೂ ಬೇರೆ ಮಾಡಿದೆವು.

ಈಗ ಹೇಗಿದೆ

ಲೇವಾದೇವಿಯ 131 ಜನಕ್ಕೆ ಎರಡು ಬ್ರಾಡ್‌ಕಾಸ್ಟ್ ಪಟ್ಟಿ, ಒಂದು ನಗದಿನವರದು, ಒಂದು ಉದ್ರಿಯವರದು. ಪ್ರತಿಯೊಬ್ಬರಿಗೂ ಭಾವನೇ ಫೋನ್ ಮಾಡಿ "ನನ್ನ ನಂಬರ್ ಸೇವ್ ಮಾಡ್ರಿ" ಅಂತ ಕೂತು ಮಾಡಿಸಿದರು. ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಎರಡು ಹಳೆಯ ಬಾಕಿಯೂ ವಸೂಲಾಯಿತು. ಅದನ್ನು ಯಾರೂ ಎಣಿಸಿರಲಿಲ್ಲ.

ನೋಡುವವರಿಗೆ ವಾಟ್ಸಾಪ್ ಚಾನೆಲ್. ಇದು ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಅಂದರೆ ನಮ್ಮ ಕತೆ ಶುರುವಾದ ಹೊತ್ತಿಗೇ. ಎಷ್ಟು ಜನ ಬೇಕಾದರೂ ಸೇರಬಹುದು. ಸೇರಿದವರಿಗೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಕಿದ ಫೋಟೋ 30 ದಿನಕ್ಕೆ ಹೋಗುತ್ತದೆ ಅಂದಾಗ ನಾನು ಅದು ಕೊರತೆ ಅಂದುಕೊಂಡೆ. ಭಾವನಿಗೆ ಅದೇ ಇಷ್ಟವಾಯಿತು. ಖಾಲಿಯಾದ ಲಾಟಿನ ಹಳೆಯ ಫೋಟೋ ತೋರಿಸಿ ಅದೇ ರೇಟಿಗೆ ಕೊಡಿ ಅನ್ನುವವರ ಕಾಟ ತಪ್ಪಿತು. ರೇಟು ಚಾನೆಲ್ಲಿನಲ್ಲಿ ಇಲ್ಲ, ಫೋನಿನಲ್ಲಿ ಮಾತ್ರ.

ಫೇಸ್‌ಬುಕ್ ಖಾತೆ 5,000ದಲ್ಲೇ ಇದೆ. ತೆಗೆಯುವುದನ್ನೂ ಬಿಟ್ಟರು, ಸೇರಿಸುವುದನ್ನೂ ಬಿಟ್ಟರು. ದೊಡ್ಡಪ್ಪನ ಮಗನಿಗಾಗಿ ಮಾತ್ರ ಒಬ್ಬ ಸಾಲದವನನ್ನು ತೆಗೆದು ಜಾಗ ಮಾಡಿಕೊಟ್ಟೆವು. ಅಕ್ಕ ಮಾತಾಡುತ್ತಾಳೆ.

2024ರ ದಸರಾ ಮುಗಿದ ಮೇಲೆ ಭಾವ ವಸೂಲಿಗೆ ಸಿಂಧನೂರಿಗೆ ಹೋದರು, ನಾನೂ ಜೊತೆಗಿದ್ದೆ. ಆ ಅಂಗಡಿಯವರು ಬಾಕಿ ಎಣಿಸಿ ಕೊಟ್ಟು, ಮತ್ತೆ ಅದೇ ಮಾತು ತೆಗೆದರು. ರಿಕ್ವೆಸ್ಟ್ ಇನ್ನೂ ಹಾಗೇ ಇದೆ, ವಾಪಸ್ ತಗೊಂಡೇ ಇಲ್ಲ ಅಂತ. ಬೇಕಾದರೆ ನೋಡಿ ಅಂತ ಫೋನ್ ತಿರುಗಿಸಿದರು. ಬಳ್ಳಾರಿ ಕೋಟೆ ಗುಡ್ಡದ ಮುಂದೆ ನಿಂತ ಭಾವ, ಆದರೆ ತಲೆ ತುಂಬ ಕೂದಲು, ದಪ್ಪ ಮೀಸೆ. ಪಾಸ್‌ವರ್ಡ್ ಮರೆತ 2011ರ ಖಾತೆ ಅದು. ಕೆಳಗೆ ಗೆಳೆಯರ ಸಂಖ್ಯೆ ಇತ್ತು: 63. ಮೊದಮೊದಲು ಸೇರಿದ ನಮ್ಮ ಮನೆಯವರು, ನಾಲ್ಕೈದು ಹಳೆಯ ಪಾರ್ಟಿಗಳು, ಕಟಿಂಗ್ ಮಾಸ್ಟರ್.

ಅಲ್ಲಿ ಇನ್ನೂ 4,937 ಜಾಗ ಖಾಲಿ ಇವೆ. ಬಾಗಿಲು ತೆಗೆಯುವುದಕ್ಕೆ ನಮ್ಮ ಹತ್ತಿರ ಕೀಲಿ ಇಲ್ಲ.